ಹದಿನೇಳಕ್ಕೆ ಗೆದ್ದವರು ಇಪ್ಪತ್ತೊಂದಕ್ಕೆ ಎಲ್ಲಿ?

2025ರ ನವೆಂಬರ್ 18ರ ರಾತ್ರಿ ಢಾಕಾದಲ್ಲಿ ಭಾರತದ ಫುಟ್‌ಬಾಲ್ ತಂಡ ಬಾಂಗ್ಲಾದೇಶಕ್ಕೆ 0-1ರಿಂದ ಸೋತಿತು. 2003ರಿಂದೀಚೆಗೆ ಬಾಂಗ್ಲಾದೇಶ ನಮ್ಮನ್ನು ಸೋಲಿಸಿರಲಿಲ್ಲ. ಅದಕ್ಕೆ ಒಂದು ತಿಂಗಳ ಮೊದಲು, ಅಕ್ಟೋಬರ್ 14ರಂದು, ಗೋವಾದ ಮಡಗಾಂವದಲ್ಲಿ ನಮ್ಮದೇ ಜನರ ಎದುರು ಸಿಂಗಪುರಕ್ಕೆ 1-2ರಿಂದ ಸೋತು, 2027ರ ಏಷ್ಯನ್ ಕಪ್‌ಗೆ ಹೋಗುವ ದಾರಿಯನ್ನೂ ಮುಚ್ಚಿಕೊಂಡಿದ್ದೆವು. ಹಾಗಾಗಿ ಢಾಕಾದ ಸೋಲಿನಿಂದ ಹೊಸದಾಗಿ ಕಳೆದುಕೊಳ್ಳುವಂಥದ್ದೇನೂ ಉಳಿದಿರಲಿಲ್ಲ, ಮರ್ಯಾದೆಯೊಂದನ್ನು ಬಿಟ್ಟು.

ಅದೇ 18ನೇ ತಾರೀಖು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಇನ್ನೊಂದು ಪಂದ್ಯ ನಡೆಯಿತು. ಕುರಸಾವೊ ಎಂಬ ಪುಟ್ಟ ದ್ವೀಪದ ತಂಡ ಜಮೈಕಾದ ಜೊತೆ 0-0 ಸಮ ಮಾಡಿಕೊಂಡು 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ವಿಶ್ವಕಪ್ ಮುಟ್ಟಿದ ದೇಶಗಳಲ್ಲೇ ಅತಿ ಚಿಕ್ಕದು ಅದು. ಅಲ್ಲಿಯ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. 2011ರ ಜನಗಣತಿಯ ಪ್ರಕಾರ ನಮ್ಮ ಗದಗ-ಬೆಟಗೇರಿ ಅವಳಿ ನಗರದ್ದೇ 1 ಲಕ್ಷ 72 ಸಾವಿರ. ಅಂದರೆ ಮುಳಗುಂದ ನಾಕಾದಿಂದ ಬೆಟಗೇರಿಯವರೆಗೆ ಇರುವ ಜನರಿಗಿಂತ ಕಡಿಮೆ ಜನರಿರುವ ನಾಡು ವಿಶ್ವಕಪ್ ಆಡುತ್ತದೆ, ನೂರಾ ನಲವತ್ತು ಕೋಟಿಯ ನಾಡು ಆಡುವುದಿಲ್ಲ.

ಈ ಲೆಕ್ಕವನ್ನು ಕೇಳಿ ನೀವು ಹಣೆ ಬಡಿದುಕೊಳ್ಳುವ ಮೊದಲು ಇನ್ನೊಂದು ಸುದ್ದಿ ಹೇಳಬೇಕು. ಢಾಕಾದ ಸೋಲಾಗಿ ಹನ್ನೆರಡು ದಿನಕ್ಕೆ, ನವೆಂಬರ್ 30ರಂದು, ಅಹಮದಾಬಾದಿನಲ್ಲಿ ನಮ್ಮ 17 ವರ್ಷದೊಳಗಿನ ಹುಡುಗರು ಇರಾನ್ ತಂಡವನ್ನು 2-1ರಿಂದ ಸೋಲಿಸಿದರು. ಅದು ಗೆಲ್ಲಲೇಬೇಕಾಗಿದ್ದ ಪಂದ್ಯ. ಮೊದಲ ಗೋಲು ಇರಾನಿನದು. ಮಧ್ಯಂತರಕ್ಕೆ ಸ್ವಲ್ಪ ಮೊದಲು ದಲ್ಲಾಲ್‌ಮುವಾನ್ ಗಾಂಗ್ಟೆ ಪೆನಾಲ್ಟಿಯಿಂದ ಸಮ ಮಾಡಿದ. ವಿರಾಮದ ನಂತರ ಗುನ್ಲೈಬಾ ವಾಂಗ್‌ಖೈರಕ್‌ಪಂ ಗೆಲುವಿನ ಗೋಲು ಹೊಡೆದ. ಬಿಬಿಯಾನೊ ಫರ್ನಾಂಡಿಸ್ ತರಬೇತಿ ಕೊಟ್ಟ ಈ ಹುಡುಗರು 2026ರಲ್ಲಿ ಸೌದಿ ಅರೇಬಿಯಾದಲ್ಲಿ ತಮ್ಮ ವಯಸ್ಸಿನವರ ಏಷ್ಯನ್ ಕಪ್‌ಗೆ ಜಾಗ ಗಿಟ್ಟಿಸಿದರು. ಅಲ್ಲಿ ಎಂಟರ ಘಟ್ಟ ತಲುಪಿದರೆ 17ರೊಳಗಿನವರ ವಿಶ್ವಕಪ್ಪೇ ಸಿಗುತ್ತದೆ.

ದೊಡ್ಡವರು ಬಾಂಗ್ಲಾದೇಶಕ್ಕೆ ಸೋತರು, ಚಿಕ್ಕವರು ಇರಾನ್‌ನ ಸೋಲಿಸಿದರು. ಹಾಗಾದರೆ ನಾಳೆ ನಮ್ಮದೇ ಅಲ್ಲವೇ? ಇವತ್ತು ಈ ಪ್ರಶ್ನೆಯನ್ನೇ ಹಿಡಿದು ಮಾತಾಡಬೇಕೆಂದು ಬಂದಿದ್ದೇನೆ. ನಾನು ಗದಗ ತಾಲೂಕಿನ ಹರ್ತಿಯವನು. ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿ ಮಕ್ಕಳನ್ನು ಆಡಿಸಿದವನು. ಹರ್ತಿ ಎಂದರೆ ಜನಕ್ಕೆ ನೆನಪಾಗುವುದು ಬಸವೇಶ್ವರನ ತೇರು, ಚಾಲುಕ್ಯರ ಕಾಲದ ಕೆತ್ತನೆ ಇರುವ ಪಾರ್ವತಿ-ಪರಮೇಶ್ವರ ಗುಡಿ. ಫುಟ್‌ಬಾಲ್ ಯಾರಿಗೂ ನೆನಪಾಗುವುದಿಲ್ಲ. ಆದರೆ ಹದಿನೈದು ವರ್ಷದ ಹುಡುಗನ ಕಾಲಿನಲ್ಲಿ ಏನಿರುತ್ತದೆ, ಇಪ್ಪತ್ತಾಗುವ ಹೊತ್ತಿಗೆ ಅದು ಎಲ್ಲಿ ಕಳೆದುಹೋಗುತ್ತದೆ ಎನ್ನುವುದನ್ನು ಹಳ್ಳಿ ಶಾಲೆಯ ಡ್ರಿಲ್ ಮಾಸ್ತರ ಬಹಳ ಹತ್ತಿರದಿಂದ ನೋಡಿರುತ್ತಾನೆ.

ಕಿರಿಯರನ್ನು ನೋಡಿ ಭರವಸೆ ಇಟ್ಟುಕೊಳ್ಳುವುದು ನಮಗೆ ಹೊಸತಲ್ಲ. 1974ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯನ್ ಯೂತ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಇದೇ ಇರಾನ್ ಜೊತೆ ಜಂಟಿ ವಿಜೇತ ಆಗಿತ್ತು. ಶಬ್ಬೀರ್ ಅಲಿ ನಾಯಕ. ಆಗಲೂ ನಾಳೆ ನಮ್ಮದೇ ಎಂದೇ ಹೇಳಿದ್ದರು. ಇರಾನ್ ಮುಂದೆ ನಾಲ್ಕೇ ವರ್ಷಕ್ಕೆ, 1978ರಲ್ಲಿ, ವಿಶ್ವಕಪ್ ಆಡಿತು. ಭಾರತದ ನಾಳೆ ಇನ್ನೂ ಬಂದಿಲ್ಲ.

ಇನ್ನು 2017. ಆ ವರ್ಷದ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆಯಿತು. ಆತಿಥೇಯರಾದ್ದರಿಂದ ನಮಗೆ ನೇರ ಪ್ರವೇಶ. ಮೈದಾನಕ್ಕೆ ಬಂದು ನೋಡಿದವರು 13 ಲಕ್ಷ 47 ಸಾವಿರ ಮಂದಿ, ಆ ಟೂರ್ನಿಯ ಇತಿಹಾಸದಲ್ಲೇ ದಾಖಲೆ. ಅಕ್ಟೋಬರ್ 9ರಂದು ದಿಲ್ಲಿಯಲ್ಲಿ ಕೊಲಂಬಿಯಾ ಎದುರಿನ ಪಂದ್ಯದ 82ನೇ ನಿಮಿಷ. ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಕಾರ್ನರ್‌ನಿಂದ ಚೆಂಡು ಎತ್ತಿ ಕೊಟ್ಟ. ಮಣಿಪುರದ ಜೀಕ್ಸನ್ ಸಿಂಗ್ ಜಿಗಿದು ತಲೆಯಿಂದ ಬಲೆಗೆ ತಳ್ಳಿದ. ಯಾವುದೇ ಫಿಫಾ ವಿಶ್ವಕಪ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಆ ಗೋಲಿನ ಅರ್ಧ ಪಾಲು ಕನ್ನಡ ನಾಡಿನದು ಎಂದು ನಾನು ಮಕ್ಕಳಿಗೆ ಹೇಳುತ್ತಿರುತ್ತೇನೆ. ಆದರೆ ಹುಡುಗರ ಸಂಭ್ರಮ ಇಳಿಯುವುದರೊಳಗೆ, ಮುಂದಿನ ನಿಮಿಷದಲ್ಲೇ ಕೊಲಂಬಿಯಾ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಅಮೆರಿಕಕ್ಕೆ 0-3, ಘಾನಾಕ್ಕೆ 0-4. ಮೂರೂ ಸೋಲು.

ಮೂರೂ ಸೋತರೂ ಆ ತಂಡದ ಬಗ್ಗೆ ಯಾರೂ ಕೆಟ್ಟದಾಗಿ ಮಾತಾಡಲಿಲ್ಲ, ಮಾತಾಡಬೇಕಾಗಿಯೂ ಇರಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಅವರಲ್ಲಿ ಹಲವರಿದ್ದ 20ರೊಳಗಿನ ತಂಡ ಸ್ಪೇನಿನ ಕೋಟಿಫ್ ಕಪ್‌ನಲ್ಲಿ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿತು, ಅದೂ ಕೊನೆಗೆ ಹತ್ತೇ ಮಂದಿ ಉಳಿದಿದ್ದಾಗ. ದೀಪಕ್ ಟಾಂಗ್ರಿ ಒಂದು, ಅನ್ವರ್ ಅಲಿ ಒಂದು. ಎದುರು ತಂಡದ ತರಬೇತುದಾರ ಯಾರೆಂದರೆ, 2022ರಲ್ಲಿ ಅರ್ಜೆಂಟೀನಾಕ್ಕೆ ವಿಶ್ವಕಪ್ ಗೆಲ್ಲಿಸಿಕೊಟ್ಟ ಲಿಯೊನೆಲ್ ಸ್ಕಾಲೊನಿ. ಆತ ಅಲ್ಲಿಂದ ವಿಶ್ವಕಪ್ಪಿಗೆ ಹೋದ. ನಮ್ಮ ಹುಡುಗರು ಎಲ್ಲಿಗೆ ಹೋದರು?

ಜೀಕ್ಸನ್, ಸುರೇಶ್ ವಾಂಗ್ಜಂ, ಅನ್ವರ್ ಅಲಿ, ರಹೀಂ ಅಲಿ. 2017ರ ಆ 21 ಹುಡುಗರಲ್ಲಿ ಹಿರಿಯರ ತಂಡದಲ್ಲಿ ಕಾಲೂರಿ ನಿಂತವರನ್ನು ಎಣಿಸಲು ಒಂದು ಕೈ ಸಾಕು. ಸುರೇಶ್ ಬೆಂಗಳೂರು ಎಫ್‌ಸಿಯ ನೀಲಿ ಅಂಗಿಯಲ್ಲಿ ನಮ್ಮವನೇ ಆಗಿಹೋಗಿದ್ದಾನೆ. ರಹೀಂ ಅಲಿ 2025ರ ಅಕ್ಟೋಬರ್‌ನಲ್ಲಿ ಸಿಂಗಪುರದಲ್ಲಿ ಕೊನೆಯ ಗಳಿಗೆಯ ಗೋಲು ಹೊಡೆದು 1-1 ಮಾಡಿ ತಂಡವನ್ನು ಉಳಿಸಿದ. ಅನ್ವರ್ ಅಲಿಯದಂತೂ ಬೇರೆಯೇ ಕತೆ: 2019ರಲ್ಲಿ ಹೃದಯದ ತೊಂದರೆ ಇದೆಯೆಂದು ಆಟ ನಿಲ್ಲಿಸಲು ಹೇಳಿದರು, ಹುಡುಗ ದಿಲ್ಲಿ ಹೈಕೋರ್ಟಿನ ಬಾಗಿಲು ತಟ್ಟಿ ಮೈದಾನಕ್ಕೆ ಮರಳಿದ, ಇವತ್ತು ದೇಶದ ಮುಖ್ಯ ರಕ್ಷಣಾ ಆಟಗಾರ. ಉಳಿದವರಲ್ಲಿ ಕೆಲವರು ಕ್ಲಬ್‌ಗಳ ಬೆಂಚಿನ ಮೇಲೆ ಕುಳಿತರು, ಕೆಲವರ ಹೆಸರು ಈಗ ಹುಡುಕಿದರೂ ಸಿಗುವುದು ಕಷ್ಟ.

ಇದನ್ನು ನೋಡಿ ಆ ಹುಡುಗರಲ್ಲೇ ಸತ್ವ ಇರಲಿಲ್ಲ ಎಂದು ತೀರ್ಪು ಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಪಂದ್ಯವನ್ನು ನೆನೆಯೋಣ. 2018ರ ಅಕ್ಟೋಬರ್ 1, ಮಲೇಷಿಯಾದಲ್ಲಿ 16ರೊಳಗಿನವರ ಏಷ್ಯಾ ಚಾಂಪಿಯನ್‌ಷಿಪ್‌ನ ಕ್ವಾರ್ಟರ್ ಫೈನಲ್. ಆಗಲೂ ಬಿಬಿಯಾನೊ ಅವರೇ ತರಬೇತುದಾರ. ವಿಯೆಟ್ನಾಂ ವಿರುದ್ಧ ಗೆಲುವು, ಇರಾನ್ ಮತ್ತು ಇಂಡೋನೇಷ್ಯಾ ಜೊತೆ 0-0. ಆ ಟೂರ್ನಿಯಲ್ಲಿ ನಮ್ಮ ಬಲೆಗೆ ಬಿದ್ದದ್ದು ಒಂದೇ ಒಂದು ಗೋಲು. ಅದನ್ನು ಹೊಡೆದವನು ದಕ್ಷಿಣ ಕೊರಿಯಾದ ಜಿಯೊಂಗ್ ಸಾಂಗ್-ಬಿನ್. ಆ ಒಂದು ಗೋಲಿನಿಂದ ನಾವು ಸೋತೆವು, ವಿಶ್ವಕಪ್‌ನ ಹೊಸ್ತಿಲಲ್ಲಿ ನಿಂತು ಮರಳಿ ಬಂದೆವು. ಅಂದು ಎರಡೂ ತಂಡಗಳ ನಡುವೆ ಇದ್ದ ಅಂತರ ಅಷ್ಟೇ: ಒಂದು ಗೋಲು. ಈಗ ಮುಂದಕ್ಕೆ ಬನ್ನಿ. ಜಿಯೊಂಗ್ 2021ರ ಜೂನ್‌ನಲ್ಲಿ, 19ನೇ ವಯಸ್ಸಿಗೆ, ಕೊರಿಯಾದ ಹಿರಿಯರ ತಂಡಕ್ಕೆ ಬಂದು ಮೊದಲ ಪಂದ್ಯದಲ್ಲೇ ಗೋಲು ಹೊಡೆದ. 2018ರಲ್ಲಿ ಮಲೇಷಿಯಾದಲ್ಲಿ ನಮ್ಮ ನಾಯಕನಾಗಿದ್ದ ವಿಕ್ರಂ ಪ್ರತಾಪ್ ಸಿಂಗ್ ಹಿರಿಯರ ತಂಡಕ್ಕೆ ಬರುವಷ್ಟರಲ್ಲಿ 2024 ಆಗಿತ್ತು. ಹದಿನಾರರಲ್ಲಿ ಸಮಸಮ ಇದ್ದವರು ಇಪ್ಪತ್ತರಲ್ಲಿ ಇಷ್ಟು ದೂರವಾದದ್ದು ಹೇಗೆ?

ನಡುವಿನ ಈ ವರ್ಷಗಳಲ್ಲಿ ಕೊರಿಯಾದ ಹುಡುಗರು ವಾರವಾರ ಪಂದ್ಯ ಆಡುತ್ತಾರೆ. ನಮ್ಮವರಲ್ಲಿ ಹೆಚ್ಚಿನವರು ಅಭ್ಯಾಸ ಮಾಡುತ್ತಾರೆ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಗಂಟು ಇಲ್ಲೇ ಇದೆ. ಅಭ್ಯಾಸ ಎಷ್ಟು ಮಾಡಿಸಿದರೂ ಪಂದ್ಯದ ಹಸಿವು, ಪಂದ್ಯದ ಭಯ, ಎಪ್ಪತ್ತನೇ ನಿಮಿಷದಲ್ಲಿ ಕಾಲು ಭಾರವಾದಾಗ ತಗೊಳ್ಳಬೇಕಾದ ನಿರ್ಧಾರ, ಇವು ಬರುವುದಿಲ್ಲ. ಹದಿನೇಳರಿಂದ ಇಪ್ಪತ್ತೊಂದರ ನಡುವೆ ದೊಡ್ಡವರ ಜೊತೆ, ದೊಡ್ಡವರ ಎದುರು, ಗೆಲುವು ಸೋಲಿಗೆ ಬೆಲೆ ಇರುವ ಪಂದ್ಯಗಳನ್ನು ಆಡಿಯೇ ಕಲಿಯಬೇಕು.

ನಮ್ಮಲ್ಲಿ ಆ ವಯಸ್ಸಿನವರಿಗೆ ಜಾಗ ಎಲ್ಲಿದೆ ನೋಡಿ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾಯಿತು. ಹಣ ಬಂತು, ಒಳ್ಳೆಯ ಮೈದಾನ ಬಂತು, ಟಿವಿ ಬಂತು. ಜೊತೆಗೆ ವಿದೇಶಿ ಆಟಗಾರರೂ ಬಂದರು, ಒಂದು ತಂಡದಿಂದ ನಾಲ್ವರು ಏಕಕಾಲಕ್ಕೆ ಮೈದಾನದಲ್ಲಿರಬಹುದು. ಅವರಿಂದ ನಮ್ಮವರು ಕಲಿತದ್ದು ಉಂಟು, ಇಲ್ಲವೆನ್ನಲಾರೆ. ಆದರೆ ಗೋಲು ಹೊಡೆಯಲು ಮುಂದೆ ನಿಲ್ಲುವ ಜಾಗಕ್ಕೆ ಕ್ಲಬ್‌ಗಳು ಹೆಚ್ಚಾಗಿ ದುಡ್ಡು ಕೊಟ್ಟು ತರಿಸಿದ ವಿದೇಶಿಯನ್ನೇ ಆರಿಸುತ್ತವೆ. ಪರಿಣಾಮ ಏನಾಯಿತು ಎನ್ನುವುದಕ್ಕೆ ಒಂದು ಲೆಕ್ಕ ಸಾಕು. 2024-25ರ ಐಎಸ್‌ಎಲ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ, 14 ಗೋಲು. ಅವರಿಗೆ ಆಗ ವಯಸ್ಸು 40. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕಣ್ಣೀರಿನ ಬೀಳ್ಕೊಡುಗೆ ಪಡೆದ ಚೆಟ್ರಿಯನ್ನು, ಬೇರೆ ಯಾರೂ ಗೋಲು ಹೊಡೆಯುತ್ತಿಲ್ಲವೆಂದು 2025ರ ಮಾರ್ಚ್‌ನಲ್ಲಿ ವಾಪಸು ಕರೆಸಿದರು. ಬಂದವರೇ ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದರು, ದೇಶಕ್ಕಾಗಿ ಅವರ 95ನೆಯದು. ಚೆಟ್ರಿಗೆ ಕೈಮುಗಿಯೋಣ. ಆದರೆ ನಲವತ್ತರ ಆಟಗಾರನನ್ನು ಮನೆಯಿಂದ ಮತ್ತೆ ಕರೆತರಬೇಕಾದ ತಂಡಕ್ಕೆ ಆತನ ಬಗ್ಗೆ ಹೆಮ್ಮೆಗಿಂತ ತನ್ನ ಬಗ್ಗೆ ನಾಚಿಕೆ ಹೆಚ್ಚಿರಬೇಕು.

ಈ ಕೊರತೆ ನಮ್ಮ ಫೆಡರೇಶನ್ನಿಗೆ ಗೊತ್ತಿಲ್ಲದ್ದೇನಲ್ಲ. 2010ರಲ್ಲಿ ಅವರು ಹುಡುಗರಿಗಾಗಿಯೇ ಒಂದು ತಂಡ ಕಟ್ಟಿ ದೊಡ್ಡವರ ಐ-ಲೀಗ್‌ನಲ್ಲಿ ಆಡಿಸಿದ್ದರು. ಜೆಜೆ ಲಾಲ್‌ಪೆಖ್ಲುವಾ, ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅಲ್ಲಿಂದ ಬಂದವರು. 2013ರಲ್ಲಿ ಅದು ನಿಂತುಹೋಯಿತು. 2017ರಲ್ಲಿ ಜೀಕ್ಸನ್ ಮತ್ತವನ ಗೆಳೆಯರಿಗಾಗಿ ಇಂಡಿಯನ್ ಆ್ಯರೋಸ್ ಎಂದು ಮತ್ತೆ ಎಬ್ಬಿಸಿದರು. ತಂಡ ಬಹುತೇಕ ಅಂಕಪಟ್ಟಿಯ ತಳದ ಹತ್ತಿರವೇ ಇರುತ್ತಿತ್ತು. ಹದಿನೆಂಟರ ಹುಡುಗರು ಮೂವತ್ತರವರ ಎದುರು ಆಡಿದರೆ ತಳದಲ್ಲೇ ಇರುತ್ತಾರೆ, ಅದಕ್ಕೇ ಅಲ್ಲವೇ ಆಡಿಸುವುದು. 2022ರಲ್ಲಿ ಅದನ್ನೂ ಮುಚ್ಚಿದರು.

ಉಜ್ಬೇಕಿಸ್ತಾನದವರು 2021ರಲ್ಲಿ ಇಂಥದ್ದೇ ಒಂದನ್ನು ಶುರುಮಾಡಿದರು. ತಾಷ್ಕೆಂಟಿನಲ್ಲಿ ಒಲಿಂಪಿಕ್ ಎಂಬ ಕ್ಲಬ್ ಕಟ್ಟಿ, ಕಿರಿಯರ ರಾಷ್ಟ್ರೀಯ ತಂಡದ ಹುಡುಗರನ್ನು ಸೇರಿಸಿ, ತಮ್ಮ ಲೀಗ್‌ನಲ್ಲಿ ದೊಡ್ಡವರ ಎದುರು ಬಿಟ್ಟರು. 2023ರಲ್ಲಿ ಅವರ ಹುಡುಗರು 20ರೊಳಗಿನವರ ಏಷ್ಯನ್ ಕಪ್ ಗೆದ್ದರು. 2024ರ ಜನವರಿಯಲ್ಲಿ ಕತಾರ್‌ನ ಏಷ್ಯನ್ ಕಪ್‌ನಲ್ಲಿ ಭಾರತವನ್ನು 3-0ಯಿಂದ ಸೋಲಿಸಿದರಲ್ಲ, ಆ ಪಂದ್ಯದ ನಾಲ್ಕನೇ ನಿಮಿಷದಲ್ಲಿ ಮೊದಲ ಗೋಲು ಹೊಡೆದವನು ಆ ಇಪ್ಪತ್ತರ ತಂಡದ ಅಬ್ಬೋಸ್‌ಬೆಕ್ ಫಯ್ಜುಲ್ಲಾಯೆವ್. ಅದೇ ಪೀಳಿಗೆಯ ಅಬ್ದುಕೊದಿರ್ ಖುಸಾನೋವ್ 2025ರಲ್ಲಿ ಮ್ಯಾಂಚೆಸ್ಟರ್ ಸಿಟಿ ಸೇರಿದ. ಅದೇ ವರ್ಷ ಜೂನ್‌ನಲ್ಲಿ ಉಜ್ಬೇಕಿಸ್ತಾನ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಅವರು ಶುರುಮಾಡಿದ ಮರುವರ್ಷವೇ ನಾವು ಮುಚ್ಚಿದ್ದೆವು.

ಕುರಸಾವೊದ ಬಗ್ಗೆಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನಾನು ಮೊದಲು ಹೇಳಿದ ಲೆಕ್ಕ ಅರ್ಧ ಸುಳ್ಳಾಗುತ್ತದೆ. ಅವರ ಆಟಗಾರರಲ್ಲಿ ಬಹುಪಾಲು ಜನ ಹಾಲೆಂಡಿನಲ್ಲಿ ಹುಟ್ಟಿ ಬೆಳೆದವರು, ಅಲ್ಲಿಯ ಕ್ಲಬ್‌ಗಳಲ್ಲಿ ಎಂಟು ಹತ್ತು ವರ್ಷದವರಿದ್ದಾಗಿನಿಂದ ಪಂದ್ಯ ಆಡಿದವರು. ಹಾಗಾಗಿ ನಾವೂ ಹೊರದೇಶದಲ್ಲಿರುವ ಭಾರತ ಮೂಲದವರನ್ನು ಕರೆಸೋಣ ಎನ್ನುವ ಮಾತು ಈಗ ಜೋರಾಗಿದೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ, ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆ ದೇಶದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದರು. 2025ರ ನವೆಂಬರ್‌ನಲ್ಲಿ ರಾಷ್ಟ್ರೀಯ ಶಿಬಿರಕ್ಕೂ ಬಂದರು. ಬರಲಿ, ಸ್ವಾಗತ. ಆದರೆ ನಮ್ಮ ಕಾನೂನು ಎರಡು ಪೌರತ್ವ ಒಪ್ಪುವುದಿಲ್ಲ, ಹಾಗೆ ಬಿಟ್ಟು ಬರುವವರು ಬೆರಳೆಣಿಕೆಯವರೇ. ಬೇರೆಯವರ ಹೊಲದಲ್ಲಿ ಬೆಳೆದ ಜೋಳ ತಂದು ಒಂದು ಹೊತ್ತು ರೊಟ್ಟಿ ಬಡಿಯಬಹುದು, ವರ್ಷ ಪೂರ್ತಿ ಉಣ್ಣಲಾಗುವುದಿಲ್ಲ.

ಇಷ್ಟೆಲ್ಲದರ ನಡುವೆ ಇರುವ ಲೀಗ್ ಕೂಡ ಅಲುಗಾಡಿತು. ಐಎಸ್‌ಎಲ್ ನಡೆಸುವ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುತ್ತಿತ್ತು. ಮುಂದಿನದು ಇತ್ಯರ್ಥವಾಗದೆ ಆ ವರ್ಷದ ಆಟ ಶುರುವಾಗಲೇ ಇಲ್ಲ, 2026ರ ಫೆಬ್ರುವರಿಗೆ ಹೋಯಿತು. ಹಿಂದಿನ ಋತುವಿನಲ್ಲಿ ಲೀಗ್ ಹಂತದಲ್ಲಿ ಒಂದು ತಂಡಕ್ಕೆ 24 ಪಂದ್ಯ ಇದ್ದದ್ದು ಆ ಸಲ 13ಕ್ಕೆ ಇಳಿಯಿತು. ಹದಿನೆಂಟರ ಹುಡುಗನೊಬ್ಬನಿಗೆ ಮೊದಲೇ ಸಿಗುತ್ತಿದ್ದದ್ದು ಕೊನೆಯ ಹತ್ತು ನಿಮಿಷ. ಪಂದ್ಯಗಳೇ ಅರ್ಧವಾದರೆ ಯಾವ ತರಬೇತುದಾರ ಅವನನ್ನು ಇಳಿಸುವ ಧೈರ್ಯ ಮಾಡಿಯಾನು?

ಹುಡುಗಿಯರ ಸುದ್ದಿ ಹೇಳದಿದ್ದರೆ ತಪ್ಪಾಗುತ್ತದೆ. 2025ರಲ್ಲಿ ಹಿರಿಯ ಮಹಿಳೆಯರು, 20ರೊಳಗಿನವರು, 17ರೊಳಗಿನವರು, ಮೂರೂ ತಂಡ ಏಷ್ಯನ್ ಕಪ್‌ಗೆ ಅರ್ಹತೆ ಪಡೆದವು. ಹಿರಿಯರು ಜುಲೈ 5ರಂದು ಥಾಯ್ಲೆಂಡಿನಲ್ಲಿ ಥಾಯ್ಲೆಂಡನ್ನೇ 2-1ರಿಂದ ಸೋಲಿಸಿದರು, ಸಂಗೀತಾ ಬಾಸ್ಫೋರ್ ಎರಡೂ ಗೋಲು. ಗಂಡಸರ ತಂಡಕ್ಕೆ ಮಾಡಿದಷ್ಟು ಖರ್ಚು ಕಾಣದ ತಂಡಗಳು ಇವು. ಅವರ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ 2024-25ರಲ್ಲಿ ಇದ್ದದ್ದು ಎಂಟು ತಂಡ, ಒಂದೊಂದಕ್ಕೆ 14 ಪಂದ್ಯ. ಅಷ್ಟರಲ್ಲೇ ಅವರು ಅಲ್ಲಿಗೆ ಮುಟ್ಟಿದರು. ಗೆಳೆಯರು ಯಾವ ತಂಡದ ಮೇಲೆ ಭರವಸೆ ಎಂದು ಕೇಳಿದರೆ ನಾನು ಮೊದಲು ಹೆಣ್ಣುಮಕ್ಕಳ ಹೆಸರು ಹೇಳುತ್ತೇನೆ. ಕೆಲವರು ನಗುತ್ತಾರೆ. ನಗಲಿ.

ಇನ್ನು ನಮ್ಮ ಕರ್ನಾಟಕ. ಬೆಂಗಳೂರಿಗೆ ಫುಟ್‌ಬಾಲ್ ಮೊನ್ನೆ ಮೊನ್ನೆ ಬಂದದ್ದಲ್ಲ. 1937 ಮತ್ತು 38ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ, ಬ್ರಿಟಿಷ್ ಪಲ್ಟಣಗಳ ಪಾರಮ್ಯವಿದ್ದ ಮುಂಬಯಿಯ ರೋವರ್ಸ್ ಕಪ್ ಗೆದ್ದುಕೊಂಡಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ದೇಶಕ್ಕೆ ಆಡಿದ ಅಹ್ಮದ್ ಖಾನ್, ಆಮೇಲೆ ಕೆಂಪಯ್ಯ ಕೂಡ ಅಲ್ಲಿಯವರೇ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಆ ತಂಡವನ್ನು ಕಟ್ಟಿದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ವೃತ್ತಿಯಿಂದ ಶಾಲಾ ಮಾಸ್ತರರಾಗಿದ್ದವರು. ಈ ಮಾತು ಹೇಳುವಾಗ ನನಗೆ ಸ್ವಲ್ಪ ಎದೆಯುಬ್ಬುತ್ತದೆ, ಕ್ಷಮಿಸಿ.

ಅಂದಿನವರು ಆಡುತ್ತಾ ಬದುಕಿದ್ದು ಹೇಗೆ? ನೌಕರಿ ಇತ್ತು. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಒಳ್ಳೆ ಆಟಗಾರನನ್ನು ಕರೆದು ಕೆಲಸ ಕೊಡುತ್ತಿದ್ದವು, ಸಂಜೆ ಆಡಲು ಬಿಡುತ್ತಿದ್ದವು. ಆ ತಂಡಗಳ ಕಾಲ ಈಗ ಮುಗಿದಿದೆ. ನಮ್ಮ ಊರಲ್ಲಿ ಯಾವ ತಂದೆಯ ಹತ್ತಿರ ಹೋಗಿ ನಿಮ್ಮ ಮಗ ಚೆಂದ ಆಡುತ್ತಾನೆ ಎಂದು ಹೇಳಿದರೂ ಬರುವ ಉತ್ತರ ಒಂದೇ: "ಆಡ್ತಾನ ಖರೇರಿ ಸರ. ಆಡಿ ಮುಂದ ಏನ್ ಮಾಡ್ತಾನ? ನೌಕರಿ ಅರ ಸಿಗ್ತೈತೇನ್ರಿ ಅದರಾಗ?" ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆತನ ಮಾತು ಮೂರ್ಖತನವೂ ಅಲ್ಲ. ಎರಡು ಮಳೆ ಕೈಕೊಟ್ಟರೆ ಹೆಸರೂ ಇಲ್ಲ ಕಡಲೆಯೂ ಇಲ್ಲ ಎನ್ನುವ ಒಣಬೇಸಾಯದ ಮನೆಯಲ್ಲಿ ಹದಿನೇಳರ ಮಗ ಎಂದರೆ ಎರಡು ದುಡಿಯುವ ಕೈ. ಪ್ರತಿಭೆ ಕಳೆದುಹೋಗುವ ವಯಸ್ಸೂ ಮನೆಗೆ ದುಡಿಮೆ ಬೇಕಾಗುವ ವಯಸ್ಸೂ ಒಂದೇ ಆಗಿರುವುದು ಕಾಕತಾಳೀಯವಲ್ಲ.

ಆದರೂ ಒಳ್ಳೆಯದೇನೂ ಆಗಿಲ್ಲ ಎನ್ನಲಾರೆ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದೆ ಗೆದ್ದದ್ದು 1968-69ರಲ್ಲಿ, ಮೈಸೂರು ರಾಜ್ಯ ಎಂಬ ಹೆಸರಿದ್ದಾಗ. 54 ವರ್ಷದ ಮೇಲೆ ಬಂದ ಕಪ್. ಮತ್ತೆ, ಬೆಂಗಳೂರು ಎಫ್‌ಸಿ ತನ್ನ ಹುಡುಗರನ್ನು ಇಟ್ಟು ಕಲಿಸುವ ವಸತಿ ಅಕಾಡೆಮಿ ನಮ್ಮ ಕಡೆಗೇ ಇದೆ: ಬಳ್ಳಾರಿ ಹತ್ತಿರ ತೋರಣಗಲ್ಲಿನ ವಿಜಯನಗರದಲ್ಲಿ, 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆವರಣದಲ್ಲಿ. ಗದಗದಲ್ಲಿ ರೈಲು ಹತ್ತಿ ಕೊಪ್ಪಳ, ಹೊಸಪೇಟೆ ದಾಟಿದರೆ ತೋರಣಗಲ್ಲು. ಇಂಫಾಲದಿಂದ, ಐಜಾಲದಿಂದ ದೇಶದ ಈ ತುದಿಗೆ ಮಕ್ಕಳು ಆಡಲು ಬರುತ್ತಾರೆ. ಗದಗ ಜಿಲ್ಲೆಯ ಎಷ್ಟು ಶಾಲೆಗಳಿಗೆ ಹಾಗೊಂದು ಜಾಗ ಇದೆಯೆಂದು ಗೊತ್ತಿದೆ?

ಮಣಿಪುರದ ಮಾತು ಬಂತು. 2017ರ ಆ 21 ಹುಡುಗರಲ್ಲಿ ಎಂಟು ಮಂದಿ ಮಣಿಪುರದವರು. 2011ರಲ್ಲಿ ಆ ರಾಜ್ಯದ ಜನಸಂಖ್ಯೆ 28 ಲಕ್ಷ ಚಿಲ್ಲರೆ. ಕರ್ನಾಟಕದ್ದು 6 ಕೋಟಿಗೂ ಮೇಲೆ. ಅಲ್ಲಿಯ ಮಕ್ಕಳ ಮೈಯಲ್ಲೇ ಏನೋ ಇದೆ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಊರೂರಿಗೆ ಕ್ಲಬ್ ಇದೆ, ಕೇರಿ ಕೇರಿಗೆ ಪಂದ್ಯ ಇದೆ. ಚಿಕ್ಕವರು ಆಡುವಾಗ ಅಜ್ಜಂದಿರು ಬಂದು ನಿಂತು ಬೈಯುತ್ತಾ ನೋಡುತ್ತಾರೆ. ಕುಸ್ತಿಗೆ ಸಂಬಂಧಿಸಿ ನಮ್ಮಲ್ಲಿಯೂ ಇದೆಲ್ಲ ಇದೆ. ನಮ್ಮ ಕಡೆ ಪೈಲ್ವಾನರು ಬಂದದ್ದು ರಕ್ತದಿಂದಲ್ಲ, ಗರಡಿಮನೆಯಿಂದ, ಜಾತ್ರೆ ಜಾತ್ರೆಗೆ ಇಟ್ಟ ಜಂಗೀ ಕುಸ್ತಿಯಿಂದ.

ಗದಗದಲ್ಲಿ ಹುಟ್ಟಿ ದೇಶಕ್ಕೆ ಆಡಿದವರು ಯಾರೂ ಇಲ್ಲವೇ ಎಂದರೆ ಇದ್ದಾರೆ, ಬೇರೆ ಆಟದಲ್ಲಿ. ಕ್ರಿಕೆಟಿಗ ಸುನಿಲ್ ಜೋಶಿ ಬಾಲ್ಯದಲ್ಲಿ ನಸುಕಿನಲ್ಲಿ ಹೊರಟು ಸುಮಾರು ಅರವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಗದಗಕ್ಕೆ ಮರಳುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಹತ್ತು ಓವರ್‌ನಲ್ಲಿ ಆರೇ ರನ್ ಕೊಟ್ಟು ಐದು ವಿಕೆಟ್ ಕಿತ್ತವರು ಅವರೇ. ಭಾಷಣಗಳಲ್ಲಿ ಈ ಕತೆಯನ್ನು ಛಲಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ನಾನು ಕೇಳುವುದು ಬೇರೆ: ಅಂಥ ಒಬ್ಬರು ಹುಬ್ಬಳ್ಳಿ ಮುಟ್ಟಿದರು, ಮುಟ್ಟಲಾಗದೆ ಗದಗದಲ್ಲೇ ಉಳಿದವರು ಎಷ್ಟು ಮಂದಿ? ಅಸಾಮಾನ್ಯ ಛಲ ಇದ್ದವರಿಗೆ ಮಾತ್ರ ಬಾಗಿಲು ತೆರೆಯುವ ವ್ಯವಸ್ಥೆಯನ್ನು ವ್ಯವಸ್ಥೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಳ್ಳಿ ಶಾಲೆಯಲ್ಲಿ ನಡೆಯುವುದನ್ನು ಹೇಳುತ್ತೇನೆ. ಎಷ್ಟೋ ಕಡೆ ಫುಟ್‌ಬಾಲ್ ಇರುತ್ತದೆ, ಆಫೀಸಿನ ಕಪಾಟಿನಲ್ಲಿ, ಗಾಳಿ ಇಳಿದು. ಆಡಿದರೆ ಹರಿದೀತು, ಆಡಿಟ್‌ಗೆ ಏನು ತೋರಿಸುವುದು ಎನ್ನುವ ಹೆದರಿಕೆ ಮುಖ್ಯೋಪಾಧ್ಯಾಯರದು. ನಮ್ಮ ಎರೆ ನೆಲದ ಮೈದಾನವಂತೂ ಮಳೆಗಾಲದಲ್ಲಿ ಕಾಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪಾದ ಹೊರಳುತ್ತದೆ. ಆಡಲು ಹದವಾಗಿರುವುದು ದಸರೆಯಿಂದ ಶಿವರಾತ್ರಿಯವರೆಗೆ. ಆ ನಾಲ್ಕೈದು ತಿಂಗಳಾದರೂ ಸಾಕು, ವಾರಕ್ಕೊಂದು ಪಂದ್ಯ ಇಟ್ಟರೆ. ಆದರೆ ತಾಲೂಕು ಮಟ್ಟದ ಕ್ರೀಡಾಕೂಟಗಳು ಮುಗಿಯುವುದು ಅದಕ್ಕೂ ಮೊದಲೇ, ಮಳೆ ಹೊಯ್ಯುವಾಗ. ಒಂದು ತಂಡ ಒಂದು ಪಂದ್ಯ ಸೋತರೆ ಆ ವರ್ಷದ ಫುಟ್‌ಬಾಲ್ ಅಲ್ಲಿಗೆ ಮುಗಿಯಿತು. ಒಂದೇ ಪಂದ್ಯ! ಮೇಲೆ ದಿಲ್ಲಿಯಲ್ಲಿ ಆಗುವುದೂ ಇದೇ, ಕೆಳಗೆ ಹಳ್ಳಿಯಲ್ಲಿ ಆಗುವುದೂ ಇದೇ. ಆಯ್ಕೆ ಮಾಡಲು ನಮಗೆ ಬಹಳ ಉತ್ಸಾಹ, ಆಡಿಸಲು ಇಲ್ಲ.

ಹಾಗಾದರೆ ಮೂಲ ಪ್ರಶ್ನೆಗೆ ನನ್ನ ಉತ್ತರ. ಅಹಮದಾಬಾದಿನ ಆ ಹುಡುಗರಲ್ಲಿ ಪ್ರತಿಭೆ ಇದೆ. 2017ರವರಲ್ಲಿಯೂ ಇತ್ತು, 1974ರವರಲ್ಲಿಯೂ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ನೌಶಾದ್ ಮೂಸಾ ಅವರ 23ರೊಳಗಿನ ತಂಡ ಬಹ್ರೇನ್ ತಂಡವನ್ನು 2-0ಯಿಂದ ಸೋಲಿಸಿ, ಕತಾರ್‌ಗೆ 1-2ರಿಂದ ಸೋತು, ಬ್ರೂನೈ ಮೇಲೆ ಆರು ಗೋಲು ಹೊಡೆದು, ಕೂದಲೆಳೆಯಲ್ಲಿ ಅರ್ಹತೆ ತಪ್ಪಿಸಿಕೊಂಡಿತಲ್ಲ, ಅವರಲ್ಲಿಯೂ ಇದೆ. ಇದನ್ನು ನೋಡಿ ಸಂತೋಷಪಡಿ, ಚಪ್ಪಾಳೆ ತಟ್ಟಿ. ಭರವಸೆಯನ್ನು ಮಾತ್ರ ಅವರ ಹೆಗಲಿಗೆ ಹೊರಿಸಬೇಡಿ. ಹದಿನಾರರ ಹುಡುಗ ಗೆದ್ದದ್ದು ಒಂದು ಪಂದ್ಯವನ್ನು. ಫೆಡರೇಶನ್ನು, ಕ್ಲಬ್ಬು, ರಾಜ್ಯ ಸಂಸ್ಥೆಗಳು ಮಾಡದೆ ಬಿಟ್ಟ ಕೆಲಸವನ್ನು ಅವನು ಮಾಡಿಕೊಡಲಾರ. 2025ರ ನವೆಂಬರ್‌ನ ಫಿಫಾ ಪಟ್ಟಿಯಲ್ಲಿ ಭಾರತಕ್ಕೆ 142ನೇ ಸ್ಥಾನ. ಇದೇ ಭಾರತ 1996ರ ಫೆಬ್ರುವರಿಯಲ್ಲಿ 94ರಲ್ಲಿ ಇತ್ತು, 2015ರ ಮಾರ್ಚ್‌ನಲ್ಲಿ 173ರಲ್ಲಿ ಇತ್ತು. ಈ ಏರಿಳಿತಕ್ಕೆ ಪ್ರತಿಭೆ ಕಾರಣವಲ್ಲ. ಪ್ರತಿಭೆ ಎಂದೂ ಅಷ್ಟು ಬೇಗ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. 21 ವರ್ಷದೊಳಗಿನ ಭಾರತೀಯರು ಪ್ರತಿ ಪಂದ್ಯದಲ್ಲೂ ಇಂತಿಷ್ಟು ನಿಮಿಷ ಆಡಲೇಬೇಕೆಂದು ಲೀಗ್ ನಿಯಮ ಮಾಡುವವರೆಗೆ, ಅಥವಾ ಆ್ಯರೋಸ್‌ನಂಥ ತಂಡವನ್ನು ಮತ್ತೆ ತೆರೆದು ಹತ್ತು ವರ್ಷ ಮುಚ್ಚದೆ ಇಡುವವರೆಗೆ, ನಾನು ಯಾವ ಕಿರಿಯರ ಗೆಲುವನ್ನೂ ನಾಳೆಯ ಸೂಚನೆ ಎಂದು ಓದುವುದಿಲ್ಲ.

ದಿಲ್ಲಿಯ ಮಾತು ದಿಲ್ಲಿಗಿರಲಿ. ಈ ಭಾಷಣ ಕೇಳುತ್ತಿರುವ ಶಿಕ್ಷಕರಿಗೆ, ಎಸ್‌ಡಿಎಂಸಿ ಸದಸ್ಯರಿಗೆ, ಗ್ರಾಮ ಪಂಚಾಯಿತಿಯವರಿಗೆ ನನ್ನದೊಂದು ಕೋರಿಕೆ. 1960ರಿಂದ ನಡೆಯುತ್ತಿರುವ ಸುಬ್ರೊತೊ ಕಪ್ ಶಾಲೆಗಳಿಗಾಗಿಯೇ ಇರುವ ಟೂರ್ನಿ. ಹುಡುಗರಿಗೂ ಇದೆ, ಹುಡುಗಿಯರಿಗೂ ಇದೆ. ಇಲಾಖೆಯ ಮೂಲಕ ನಿಮ್ಮ ಶಾಲೆಯ ಹೆಸರು ಕೊಡಿ. ಅದಕ್ಕಿಂತ ಮೊದಲು ಕಪಾಟು ತೆಗೆದು ಚೆಂಡಿಗೆ ಗಾಳಿ ಹಾಕಿಸಿ. ಹರ್ತಿ, ಹುಲಕೋಟಿ, ಮುಳಗುಂದ, ಡಂಬಳ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ; ಅಕ್ಕಪಕ್ಕದ ನಾಲ್ಕು ಊರಿನ ಶಾಲೆಗಳು ಮಾತಾಡಿಕೊಂಡು ದಸರೆ ಮುಗಿದ ಮೇಲೆ ಶನಿವಾರಕ್ಕೊಂದು ಪಂದ್ಯ ಇಟ್ಟುಕೊಂಡರೆ ಶಿವರಾತ್ರಿಯೊಳಗೆ ಒಂದು ತಂಡಕ್ಕೆ ಹನ್ನೆರಡು ಪಂದ್ಯ ಸುಲಭವಾಗಿ ಆಗುತ್ತವೆ. ಖರ್ಚು ಎಂದರೆ ಟಂಟಂ ಬಾಡಿಗೆ, ಮಕ್ಕಳಿಗೆ ಒಂದು ಹೊತ್ತಿನ ಉಪ್ಪಿಟ್ಟು. ಹೆಣ್ಣುಮಕ್ಕಳ ತಂಡವನ್ನೂ ಕಟ್ಟಿ, ದಯವಿಟ್ಟು.

ಮತ್ತೆ, ಅಹಮದಾಬಾದಿನಲ್ಲಿ ಇರಾನ್‌ನ ಸೋಲಿಸಿದ ಆ ಹುಡುಗರ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. 2009ರಲ್ಲಿ ಅಥವಾ ಅದರ ನಂತರ ಹುಟ್ಟಿದವರು ಅವರು. 2030ಕ್ಕೆ ಅವರಲ್ಲಿ ದೊಡ್ಡವರಿಗೆ 21 ತುಂಬುತ್ತದೆ. ಆಗ ಇವರಲ್ಲಿ ಎಷ್ಟು ಮಂದಿ ವಾರವಾರ ಆಡುತ್ತಿದ್ದಾರೆ ಎಂದು ಫುಟ್‌ಬಾಲ್ ನಡೆಸುವವರನ್ನು ಕೇಳಿ. ಪತ್ರ ಬರೆದು ಕೇಳಿ, ಪತ್ರಿಕೆಯಲ್ಲಿ ಕೇಳಿ, ಬೇಕಾದರೆ ಇದೇ ಬಾನುಲಿಯಲ್ಲಿ ಕೇಳಿ.